ಸಾನ್‌ಜಿಯಾವೊ: ಹೆಸರುಂಟು, ರೂಪವಿಲ್ಲ

ಚೀನಾದ ಹಳೆಯ ವೈದ್ಯದ ಪ್ರಕಾರ ದೇಹದ ಮುಖ್ಯ ಅಂಗಗಳು 12. ಹೃದಯ, ಲಿವರ್, ಕಿಡ್ನಿ, ಹೊಟ್ಟೆ ಹೀಗೆ 11 ನಮಗೂ ಗೊತ್ತಿರುವಂಥವೇ. ಉಳಿದ ಒಂದು ಸಾನ್‌ಜಿಯಾವೊ, ಅಂದರೆ 'ಮೂರು ಒಲೆ'. ಎದೆಯಲ್ಲೊಂದು, ಹೊಟ್ಟೆಯಲ್ಲೊಂದು, ಹೊಕ್ಕುಳ ಕೆಳಗೊಂದು. ಇದು ಯಾವ ಸ್ಕ್ಯಾನ್‌ನಲ್ಲೂ ಕಾಣುವುದಿಲ್ಲ. ಹಾನ್ ರಾಜರ ಕಾಲದ 'ನಾನ್‌ಜಿಂಗ್' ಗ್ರಂಥವೇ ಇದಕ್ಕೆ ಹೆಸರುಂಟು, ರೂಪವಿಲ್ಲ ಎಂದು ನೇರವಾಗಿ ಹೇಳಿಬಿಡುತ್ತದೆ.

ಹಾಗಾದರೆ ಅವರು ದೇಹದ ಒಳಗೆ ನೋಡಿಯೇ ಇರಲಿಲ್ವಾ? ನೋಡಿದ್ದರು. ಕ್ರಿ.ಶ. 16ರಲ್ಲಿ ವಾಂಗ್ ಮಾಂಗ್ ಎಂಬ ದೊರೆ ತನ್ನ ವೈರಿಯೊಬ್ಬನ ದೇಹವನ್ನು ಅರಮನೆಯ ವೈದ್ಯ ಮತ್ತು ಒಬ್ಬ ಕಟುಕನಿಂದ ಕೊಯ್ಯಿಸಿದ. ಅಂಗಗಳನ್ನು ಅಳೆಸಿದ. ಸಪೂರ ಬಿದಿರುಕಡ್ಡಿ ತೂರಿಸಿ ನಾಳಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆ ಎಂದು ಹುಡುಕಿಸಿದ. ಆದರೂ ಸಾನ್‌ಜಿಯಾವೊ ಪಟ್ಟಿಯಿಂದ ಬಿಟ್ಟುಹೋಗಲಿಲ್ಲ. ಏಕೆಂದರೆ ಈ ವೈದ್ಯರಿಗೆ ಅಂಗದ ಆಕಾರಕ್ಕಿಂತ ಅದರ ಕೆಲಸ ಮುಖ್ಯವಾಗಿತ್ತು.

ಆ ಕೆಲಸವನ್ನು ಅವರು ತಮ್ಮ ರಾಜ್ಯದ ಕಣ್ಣಿನಿಂದ ಕಂಡರು. 'ಹುವಾಂಗ್‌ದಿ ನೇಯ್‌ಜಿಂಗ್' ಎಂಬ ಮೂಲಗ್ರಂಥದಲ್ಲಿ ಪ್ರತಿ ಅಂಗಕ್ಕೂ ಒಂದು ಹುದ್ದೆ ಇದೆ. ಹೃದಯ ದೊರೆ. ಶ್ವಾಸಕೋಶ ಮಂತ್ರಿ. ಲಿವರ್ ಸೇನಾಪತಿ. ಹೊಟ್ಟೆ ಕಣಜದ ಅಧಿಕಾರಿ. ಸಾನ್‌ಜಿಯಾವೊ ಕಾಲುವೆಗಳ ಅಧಿಕಾರಿ, ನೀರಿನ ದಾರಿಗಳೆಲ್ಲ ಅದರ ಕೈಯಲ್ಲಿ. ಕ್ರಿ.ಪೂ. 3ನೇ ಶತಮಾನದಲ್ಲಿ ಝೆಂಗ್‌ಗುವೊ, ಲಿಂಗ್‌ಚು ಎಂಬ ದೊಡ್ಡ ಕಾಲುವೆಗಳನ್ನು ತೋಡಿಸಿದ್ದ ನಾಡು ಅದು. ಕಾಲುವೆ ಕಟ್ಟಿಕೊಂಡರೆ ಊರಿನ ಗತಿ ಏನೆಂದು ಅಲ್ಲಿನ ಜನಕ್ಕೆ ಚೆನ್ನಾಗಿ ಗೊತ್ತಿತ್ತು. ಕೈಕಾಲು ಊದಿದಾಗ, ಮೂತ್ರ ಕಟ್ಟಿದಾಗ ಅದೇ ಚಿತ್ರ ಕಣ್ಮುಂದೆ ಬಂದಿದ್ದರೆ ಅದು ಸಹಜವೇ. ಮೇಲಿನ ಒಲೆ ಮಂಜಿನ ಹಾಗೆ, ನಡುವಿನದು ನೊರೆಯ ಹಾಗೆ, ಕೆಳಗಿನದು ಚರಂಡಿಯ ಹಾಗೆ ಎನ್ನುತ್ತದೆ ನೇಯ್‌ಜಿಂಗ್. ಮೂರು ಮಾತಲ್ಲಿ ದೇಹದೊಳಗಿನ ನೀರಿನ ಪ್ರಯಾಣವೆಲ್ಲ ಬಂದುಬಿಟ್ಟಿತು. ನನಗೆ ತುಂಬ ಇಷ್ಟವಾದ ಸಾಲು ಇದು.

ಮುಂದಿನ ವೈದ್ಯರು ಇದಕ್ಕೊಂದು ರೂಪ ಹುಡುಕದೆ ಬಿಡಲಿಲ್ಲ. 17ನೇ ಶತಮಾನದ ಝಾಂಗ್ ಜಿಯೇಬಿನ್, ಎಲ್ಲ ಅಂಗಗಳನ್ನೂ ಒಳಗಿಟ್ಟುಕೊಂಡಿರುವ ದೊಡ್ಡ ಪೊಳ್ಳೇ ಸಾನ್‌ಜಿಯಾವೊ ಎಂದ. 19ನೇ ಶತಮಾನದ ಟಾಂಗ್ ಝೊಂಗ್‌ಹಾಯ್ ಪಾಶ್ಚಾತ್ಯ ಅಂಗರಚನೆ ಓದಿಕೊಂಡು, ಅದು ಒಳಗಿನ ಕೊಬ್ಬಿನ ಪೊರೆ ಎಂದ.

ಕಲ್ಪನೆ ಬರೀ ವರ್ಣನೆಯಾಗಿ ಉಳಿಯಲಿಲ್ಲ, ಚಿಕಿತ್ಸೆಗೂ ಇಳಿಯಿತು. ಟೀ ಕುಡಿಕೆಯ ಮುಚ್ಚಳದ ತೂತು ಮುಚ್ಚಿದರೆ ಮೂತಿಯಿಂದ ಟೀ ಸುರಿಯುವುದಿಲ್ಲ, ಅಲ್ವಾ? ಹಾಗೆಯೇ ದೇಹದ ಮೇಲಿನ ಮುಚ್ಚಳ ಶ್ವಾಸಕೋಶ ಎಂದುಕೊಂಡು, ಮೂತ್ರ ಕಟ್ಟಿದವನಿಗೆ ಚೀನೀ ವೈದ್ಯರು ಕೆಲವೊಮ್ಮೆ ಶ್ವಾಸಕೋಶವನ್ನು ಸಡಿಲಿಸುವ ಔಷಧಿ ಕೊಡುತ್ತಿದ್ದರು. ಈ ಕ್ರಮಕ್ಕೆ 'ಕುಡಿಕೆ ಎತ್ತಿ ಮುಚ್ಚಳ ತೆಗೆಯುವುದು' ಎಂದೇ ಹೆಸರು. ಇದರಿಂದ ರೋಗ ಗುಣವಾಗುತ್ತದೆಯೇ ಎನ್ನುವುದನ್ನು ಇಂದಿನ ಪರೀಕ್ಷೆಗಳೇ ಹೇಳಬೇಕು, ಕಲ್ಪನೆ ಚೆನ್ನಾಗಿದೆ ಎಂಬುದು ಅದಕ್ಕೆ ಸಾಕ್ಷಿಯಲ್ಲ.

ಅಕ್ಯುಪಂಕ್ಚರ್ ಚಿತ್ರ ಸಿಕ್ಕರೆ ಸಾನ್‌ಜಿಯಾವೊ ಗೆರೆಯನ್ನು ಹುಡುಕಿ ನೋಡಿ. ಉಂಗುರ ಬೆರಳ ತುದಿಯಿಂದ ಹೊರಟು, ತೋಳಿನ ಹೊರಬದಿಯಲ್ಲಿ ಏರಿ, ಕಿವಿಯನ್ನು ಸುತ್ತಿ ಹುಬ್ಬಿನ ಕೊನೆಗೆ ಬರುತ್ತದೆ. ಸೂಜಿ ಚುಚ್ಚುವ ಅದರ 23 ಬಿಂದುಗಳಲ್ಲಿ ಕೆಲವದರ ಹೆಸರು ಹೀಗಿವೆ: ನೀರಿನ ಬಾಗಿಲು, ನಡುಗಡ್ಡೆ, ಕವಲುಕಾಲುವೆ, ನಾಲ್ಕು ನದಿಗಳು.