ಚಳಿಗಾಲದಲ್ಲಿ ಬೋರ್ನ್‌ಮತ್ ಬಾಗಿಲು ಹಾಕುತ್ತಾ?

ಪ್ರಶ್ನೆ: ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಬೋರ್ನ್‌ಮತ್‌ನಲ್ಲಿ ಕೆಲಸ ಸಿಕ್ಕಿದೆ. ನವೆಂಬರ್‌ನಲ್ಲಿ ಹೊರಡಬೇಕು. ಅದು ಬರೀ ಬೇಸಿಗೆಯ ಊರು, ಚಳಿಗಾಲದಲ್ಲಿ ಎಲ್ಲಾ ಮುಚ್ಚಿರುತ್ತೆ, ವಯಸ್ಸಾದವರು ಬಿಟ್ಟರೆ ಯಾರೂ ಇರಲ್ಲ ಅಂತಾರೆ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಬರಬಹುದಾ?

ಧಾರಾಳವಾಗಿ ಕರೆದುಕೊಂಡು ಬನ್ನಿ. ಅಕ್ಟೋಬರ್ ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ. ನರ್ಸ್ ಕೆಲಸಕ್ಕೆ ಬರುವವರು ಕೇಳುತ್ತಾರೆ, ಓದಲು ಬರುವ ಮಕ್ಕಳ ಅಪ್ಪ ಅಮ್ಮಂದಿರು ಕೇಳುತ್ತಾರೆ. ಒಬ್ಬೊಬ್ಬರಿಗೂ ಅದೇ ಉತ್ತರ ಹೇಳಿ ಸಾಕಾಗಿದೆ. ಈ ಸಲ ಒಂದೇ ಕಡೆ ಪೂರ್ತಿಯಾಗಿ ಬರೆದುಬಿಡುತ್ತೇನೆ.

ಮೊದಲು ಆ 'ಬೇಸಿಗೆಯ ಊರು' ಅನ್ನುವ ಮಾತು. ಈ ಊರು ಬೆಳೆದದ್ದೇ ಚಳಿಗಾಲದಿಂದ ಅಂದರೆ ಯಾರೂ ನಂಬುವುದಿಲ್ಲ. 1810ರಲ್ಲಿ ಲೂಯಿಸ್ ಟ್ರೆಗನ್‌ವೆಲ್ ಎಂಬ ಸೇನಾಧಿಕಾರಿ ಇಲ್ಲಿ ಮನೆ ಕಟ್ಟಲು ಜಾಗ ಕೊಂಡಾಗ ಇದ್ದದ್ದು ಪೊದೆಗಳು ತುಂಬಿದ ಬಯಲು, ಒಂದು ಸಣ್ಣ ಹೊಳೆ, ಅಷ್ಟೇ. ಆಮೇಲೆ 1841ರಲ್ಲಿ ಡಾಕ್ಟರ್ ಗ್ರಾನ್‌ವಿಲ್ ಎಂಬುವರು ಇಂಗ್ಲೆಂಡಿನ ಆರೋಗ್ಯಧಾಮಗಳ ಬಗ್ಗೆ ಬರೆದ ಪುಸ್ತಕದಲ್ಲಿ ಬೋರ್ನ್‌ಮತ್ ಅನ್ನು ಬಹಳ ಹೊಗಳಿದರು. ಕ್ಷಯ ರೋಗಿಗಳು ಚಳಿಗಾಲ ಕಳೆಯಲು ಇದಕ್ಕಿಂತ ಒಳ್ಳೆ ಜಾಗ ಇಲ್ಲ ಅನ್ನುವ ಅರ್ಥದಲ್ಲಿ. ಚಳಿಗಾಲ ಅನ್ನುವುದನ್ನು ಗಮನಿಸಿ. ದಕ್ಷಿಣಕ್ಕೆ ಮುಖ ಮಾಡಿದ ಕಡಲು, ಗಾಳಿ ತಡೆಯುವ ಕಣಿವೆಗಳು, ಪೈನ್ ಮರಗಳು, ಇವೆಲ್ಲ ಶ್ವಾಸಕೋಶಕ್ಕೆ ಒಳ್ಳೆಯದು ಅಂತ ಆಗಿನ ವೈದ್ಯರ ನಂಬಿಕೆ. 1855ರಲ್ಲಿ ಇಲ್ಲಿ ಕ್ಷಯ ರೋಗಿಗಳ ಆಸ್ಪತ್ರೆಯೇ ಶುರುವಾಯಿತು. ಊರ ಮಧ್ಯದ ಉದ್ಯಾನದಲ್ಲಿ ಪೈನ್ ಮರಗಳ ಕೆಳಗೆ ಒಂದು ದಾರಿ ಇದೆ. ಅದಕ್ಕೆ ಆಗ ರೋಗಿಗಳ ದಾರಿ ಅಂತಲೇ ಹೆಸರು. ಕಂಬಳಿ ಹೊದ್ದು ಗಾಲಿ ಕುರ್ಚಿಯಲ್ಲಿ ಕುಳಿತವರನ್ನು ಆ ದಾರಿಯಲ್ಲಿ ತಳ್ಳಿಕೊಂಡು ಓಡಾಡಿಸುತ್ತಿದ್ದರು. ಈಗಲೂ ಅದೇ ದಾರಿಯಲ್ಲಿ ಜನ ಪಿಯರ್ (ಕಡಲೊಳಕ್ಕೆ ಚಾಚಿದ ಕಟ್ಟೆ) ಕಡೆಗೆ ನಡೆಯುತ್ತಾರೆ.

1870ರಲ್ಲಿ ರೈಲು ಬಂತು. ಊರು ಹಿಗ್ಗಿತು. 1877ರಲ್ಲಿ ಗಾಜಿನ ಚಾವಣಿಯ ವಿಂಟರ್ ಗಾರ್ಡನ್ಸ್ ಕಟ್ಟಿದರು. 1893ರಲ್ಲಿ ನಗರಸಭೆಯೇ ದುಡ್ಡು ಹಾಕಿ ವಾದ್ಯವೃಂದ ಶುರು ಮಾಡಿತು, ಅದು ಇವತ್ತಿಗೂ ಬೋರ್ನ್‌ಮತ್ ಸಿಂಫನಿ ಆರ್ಕೆಸ್ಟ್ರಾ ಅಂತ ಇದೆ. ಚಳಿಗಾಲದಲ್ಲಿ ಬಂದು ತಿಂಗಳುಗಟ್ಟಲೆ ಉಳಿಯುವವರಿಗೆ ಸಂಜೆ ಹೊತ್ತು ಹೋಗಲಿ ಅಂತ ತಾನೇ ಇಷ್ಟೆಲ್ಲ ಮಾಡಿದ್ದು? ಬಕೆಟ್ಟು, ಸಲಿಕೆ, ಮರಳಿನ ಗೂಡು ಕಟ್ಟುವ ಮಕ್ಕಳು, ಇವರೆಲ್ಲ ದೊಡ್ಡ ಸಂಖ್ಯೆಯಲ್ಲಿ ಬಂದದ್ದು ಆಮೇಲೆ.

ಅದು ಹಳೆ ಕತೆ, ಈಗಿನದು ಹೇಳಿ ಅಂತೀರಾ? ಹೇಳುತ್ತೇನೆ. ಬೋರ್ನ್‌ಮತ್, ಕ್ರೈಸ್ಟ್‌ಚರ್ಚ್, ಪೂಲ್ ಈ ಮೂರು ಅಕ್ಕಪಕ್ಕದ ಊರುಗಳಿಗೂ 2019ರಿಂದ ಒಂದೇ ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತ. 2021ರ ಜನಗಣತಿಯಲ್ಲಿ ಮೂರೂ ಸೇರಿ 4 ಲಕ್ಷ ಜನ. ಅಷ್ಟು ಜನ ಸೆಪ್ಟೆಂಬರ್ ಮುಗಿದ ಮೇಲೆ ಎಲ್ಲಿಗೆ ಹೋಗುತ್ತಾರೆ? ಎರಡು ವಿಶ್ವವಿದ್ಯಾಲಯಗಳಿವೆ. ಅವು ತುಂಬಿರುವುದೇ ಸೆಪ್ಟೆಂಬರ್‌ನಿಂದ ಮೇ ತನಕ, ಬೇಸಿಗೆಯಲ್ಲಿ ಖಾಲಿ. ದೊಡ್ಡ ಆಸ್ಪತ್ರೆಗೆ ಚಳಿಗಾಲದಲ್ಲೇ ಕೆಲಸ ಜಾಸ್ತಿ. ಜೆಪಿ ಮಾರ್ಗನ್ ಬ್ಯಾಂಕಿನ ಕಚೇರಿಯಲ್ಲಿ ಸಾವಿರಾರು ಜನ ಕೆಲಸ ಮಾಡುತ್ತಾರೆ, ಅವರಿಗೂ ಕಡಲಿಗೂ ಏನು ಸಂಬಂಧ? ಫುಟ್‌ಬಾಲ್ ಸೀಸನ್ ಆಗಸ್ಟ್‌ನಿಂದ ಮೇ ವರೆಗೆ. ಇಲ್ಲಿನ ತಂಡದ ಮೈದಾನ ಇರುವ ಕಿಂಗ್ಸ್ ಪಾರ್ಕ್‌ನಲ್ಲಿ ಮ್ಯಾಚ್ ನಡೆಯುವ ಜನವರಿಯ ಶನಿವಾರ ಒಮ್ಮೆ ಆ ಕಡೆ ಬಂದು ಕಾರು ನಿಲ್ಲಿಸಲು ನೋಡಿ, ಊರು ಮುಚ್ಚಿದೆಯೋ ಇಲ್ಲವೋ ತಿಳಿಯುತ್ತದೆ.

ಕಡಲ ದಂಡೆಯ ಮಾತೇ ಬೇರೆ. ಅಲ್ಲಿನ ಐಸ್‌ಕ್ರೀಮ್ ಅಂಗಡಿಗಳಲ್ಲಿ ಎಷ್ಟೋ ಮುಚ್ಚುತ್ತವೆ. ಕೆಲವು ಹೋಟೆಲ್‌ಗಳು ಮುಚ್ಚುತ್ತವೆ. ಹೋಟೆಲ್ ಕೆಲಸವನ್ನೇ ನಂಬಿಕೊಂಡು ಬರುವ ವಿದ್ಯಾರ್ಥಿಗಳು ನವೆಂಬರ್‌ನಲ್ಲಿ ಶಿಫ್ಟ್ ಸಿಗದೆ ಪರದಾಡುವುದು ನಿಜ. ಸಂಜೆ 4 ಗಂಟೆಗೆ ಕತ್ತಲಾಗುವುದೂ ನಿಜ. ಪ್ರವಾಸಿಗಳು ನೋಡುವುದು ಆ ದಂಡೆಯ ಪಟ್ಟಿಯನ್ನು ಮಾತ್ರ, ಅದನ್ನೇ ಇಡೀ ಊರು ಅಂದುಕೊಂಡು ವಾಪಸ್ ಹೋಗಿ ಸುಮ್ನೆ ಹೇಳಿಬಿಡುತ್ತಾರೆ. ಇಲ್ಲಿ ಇರುವವರಿಗೆ ಕಷ್ಟ ಬೇಸಿಗೆಯಲ್ಲಿ. 2020ರ ಜೂನ್‌ನಲ್ಲಿ ಬಿಸಿಲಿಗೆ ಎಷ್ಟು ಜನ ನುಗ್ಗಿದರೆಂದರೆ ಕೌನ್ಸಿಲ್ ತುರ್ತು ಪರಿಸ್ಥಿತಿ ಅಂತ ಸಾರಬೇಕಾಯಿತು. ಜುಲೈ, ಆಗಸ್ಟ್‌ನಲ್ಲಿ ಹಗಲು ಹೊತ್ತು ದಂಡೆಯ ರಸ್ತೆಯಲ್ಲಿ ಸೈಕಲ್ ಓಡಿಸುವಂತಿಲ್ಲ. ನಾಯಿ ಇದ್ದರೆ ಮರಳಿನ ಎಷ್ಟೋ ಭಾಗಕ್ಕೆ ಬಿಡುವುದಿಲ್ಲ. ಅಕ್ಟೋಬರ್ ಬಂದರೆ ಇದೆಲ್ಲ ನಮ್ಮದು. ಕ್ರಿಸ್‌ಮಸ್ ದಿನ ಬೆಳಿಗ್ಗೆ ಬಾಸ್ಕಂಬ್ ಪಿಯರ್ ಹತ್ತಿರ ಜನ ಗುಂಪಾಗಿ ನೀರಿಗೆ ಇಳಿಯುತ್ತಾರೆ!

ನೀರಿನ ವಿಷಯ ಬಂತಲ್ಲ, ಇದನ್ನೂ ತಿಳಿದುಕೊಂಡಿರಿ. ಕಡಲು ನಿಧಾನಕ್ಕೆ ಕಾಯುತ್ತದೆ, ನಿಧಾನಕ್ಕೆ ಆರುತ್ತದೆ. ಮೇ ತಿಂಗಳಲ್ಲಿ ಬಿಸಿಲು ಎಷ್ಟೇ ಇರಲಿ, ನೀರು ಕೊರೆಯುತ್ತದೆ. ಸೆಪ್ಟೆಂಬರ್‌ನಲ್ಲಿ ಅದಕ್ಕಿಂತ ಎಷ್ಟೋ ಬೆಚ್ಚಗಿರುತ್ತದೆ. ಊರಲ್ಲಿ ಹಿಮ ಬೀಳುವುದು ಅಪರೂಪ ಆಗುವುದಕ್ಕೂ ಕಡಲೇ ಕಾರಣ.

ಮನೆ ಹುಡುಕುವಾಗ ಎರಡೇ ಎಚ್ಚರಿಕೆ. ಅಕ್ಟೋಬರ್, ನವೆಂಬರ್‌ನಲ್ಲಿ ಕಡಿಮೆ ಬಾಡಿಗೆಗೆ ಚೆಂದದ ಫ್ಲಾಟ್ ಸಿಕ್ಕಿದರೆ ಅದು ಬೇಸಿಗೆಯಲ್ಲಿ ಪ್ರವಾಸಿಗಳಿಗೆ ಕೊಡುವ ಮನೆಯಾ ಅಂತ ಮೊದಲೇ ಕೇಳಿ. ಈಸ್ಟರ್ ಹೊತ್ತಿಗೆ ಖಾಲಿ ಮಾಡಿ ಅಂದರೆ ಮಕ್ಕಳ ಶಾಲೆ ಏನಾಗಬೇಕು? ಇನ್ನೊಂದು ತೇವ. ಹಳೆ ಮನೆಗಳ ಕಿಟಕಿ ಗಾಜಿನ ಒಳಗೆ ಬೆಳಿಗ್ಗೆ ನೀರು ಇಳಿಯುತ್ತಿರುತ್ತದೆ. ಮನೆ ನೋಡಲು ಹೋದಾಗ ಬೀರು ಪಕ್ಕಕ್ಕೆ ಸರಿಸಿ ಗೋಡೆ ನೋಡಿ, ಕರಿ ಚುಕ್ಕೆ ಇದ್ದರೆ ಅದು ಬೂಷ್ಟು. ಒಗ್ಗರಣೆ ಹಾಕುವಾಗ ಕಿಟಕಿ ತೆಗೆಯಲೇಬೇಕು.

ಯಾರೂ ಕೇಳದ ಒಂದು ಪ್ರಶ್ನೆ ಇದೆ, ನನಗೆ ತುಂಬಾ ಇಷ್ಟವಾದದ್ದು. ಇಷ್ಟೊಂದು ಮರಳು ಎಲ್ಲಿಂದ ಬಂತು? ಮೊದಲು ದಂಡೆಯ ಹಿಂದಿನ ಗುಡ್ಡ ಕುಸಿದು ಕುಸಿದು ಕಡಲಿಗೆ ಮರಳು ಕೊಡುತ್ತಿತ್ತು. ಗುಡ್ಡದ ಮೇಲಿನ ಮನೆ, ಹೋಟೆಲ್ ಉಳಿಸಲು 20ನೇ ಶತಮಾನದ ಶುರುವಿನಿಂದ ಕೆಳಗೆ ಗೋಡೆ ಕಟ್ಟುತ್ತಾ ಹೋದರು. ಗುಡ್ಡ ನಿಂತಿತು, ಮರಳು ಬರುವುದೂ ನಿಂತಿತು. ಅಲೆಗಳು ಮಾತ್ರ ಇರುವ ಮರಳನ್ನು ಪಶ್ಚಿಮದಿಂದ ಪೂರ್ವಕ್ಕೆ ಎಳೆದುಕೊಂಡು ಹೋಗುತ್ತಲೇ ಇದ್ದವು. ಹಾಗಾಗಿ 1970ರ ದಶಕದಿಂದ ಹೊರಗಿನಿಂದ ಮರಳು ತಂದು ಸುರಿಯುತ್ತಿದ್ದಾರೆ. ಪೂಲ್ ಬಂದರಿನಲ್ಲಿ ಹೂಳೆತ್ತಿದ ಮರಳೂ ಪೈಪಿನಲ್ಲಿ ಇಲ್ಲಿಗೆ ಬಂದಿದೆ. ದಂಡೆಯಿಂದ ನೀರಿನೊಳಕ್ಕೆ ಹೋಗುವ ಮರದ ತಡೆಗೋಡೆಗಳು ಆ ಮರಳನ್ನು ಹಿಡಿಯಲು. ಗಾಳಿ ಮಳೆ ಜೋರಾಗಿ ಹೊಡೆದ ಮಾರನೇ ದಿನ ಹೋಗಿ ನೋಡಿ. ತಡೆಗೋಡೆಯ ಒಂದು ಮಗ್ಗುಲಿಗೆ ಮರಳು ಮೇಲೆದ್ದಿರುತ್ತದೆ, ಇನ್ನೊಂದು ಮಗ್ಗುಲು ತಗ್ಗು. ದಂಡೆಯ ರಸ್ತೆ ಮೇಲೆಲ್ಲ ಮರಳು ಹರಡಿರುತ್ತದೆ.

ಪೂರ್ವದ ತುದಿಯಲ್ಲಿ ಹೆಂಗಿಸ್ಟ್‌ಬರಿ ಹೆಡ್ ಎಂಬ, ಕಡಲಿಗೆ ಚಾಚಿದ ಗುಡ್ಡ ಇದೆ. 19ನೇ ಶತಮಾನದ ಮಧ್ಯದಲ್ಲಿ ಅಲ್ಲಿನ ಕಬ್ಬಿಣದ ಅದಿರು ಕಲ್ಲನ್ನು ಅಗೆದು ಸಾಗಿಸಿದರು. ಅಲೆ ತಡೆಯುತ್ತಿದ್ದದ್ದೇ ಆ ಕಲ್ಲು. ಆಮೇಲೆ ಗುಡ್ಡ ಕರಗತೊಡಗಿತು. 1938ರಲ್ಲಿ ಅಲ್ಲಿ ಉದ್ದದ ಕಲ್ಲು ತಡೆಗೋಡೆ ಹಾಕಿದ ಮೇಲೆ ಅದರ ಪಶ್ಚಿಮಕ್ಕೆ ಮರಳು ನಿಂತಿತು. ಭಾನುವಾರ ಬಿಸಿಲು ಇದ್ದರೆ ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋಗಿ. ಬೆಚ್ಚನೆ ಟೋಪಿ ಮರೆಯಬೇಡಿ, ಮೇಲೆ ಗಾಳಿ ಜಾಸ್ತಿ.