‘ಮೈಸೂರು’ ತಿರುಗಿಸಲು ಹೋಗಿ ಕಲಿತದ್ದು: ರೂಬಿಯ ಬಿಲ್ಟ್-ಇನ್ ಮೆಥಡ್ ಬದಲಿಸುವುದು

ರೂಬಿ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ‘ಮೈಸೂರು’ ಅನ್ನೋ ಸ್ಟ್ರಿಂಗ್ (ಅಕ್ಷರಗಳ ಸಾಲು) ಮೇಲೆ ರಿವರ್ಸ್ ಅನ್ನೋ ಮೆಥಡ್ (ಹಿಂದುಮುಂದು ಮಾಡುವ ಆಜ್ಞೆ) ಕರೆದು ನೋಡಿ. ‘ರುಸೂಮೈ’ ಬರಬೇಕಲ್ವಾ? ಬರುವುದು ‘ುರೂಸೈಮ’. ಮೊದಲಿಗೇ ಒಂದು ಕೊಂಬು ಅಕ್ಷರವಿಲ್ಲದೆ ನೇತಾಡುತ್ತದೆ. ಉಳಿದ ಅಕ್ಷರಗಳು ಪಕ್ಕದ ಮನೆಯ ಗುಣಿತ ಹೊತ್ತುಕೊಂಡಿವೆ. ರೂಬಿ ಎಣಿಸುವುದು ಯೂನಿಕೋಡ್ ಕೋಡ್‌ಪಾಯಿಂಟ್‌ಗಳನ್ನು, ಅಂದರೆ ಒಂದೊಂದು ಚಿಹ್ನೆಗೂ ಕೊಟ್ಟ ಸಂಖ್ಯೆಗಳನ್ನು: ಮ, ಐತ್ವ, ಸ, ದೀರ್ಘದ ಕೊಂಬು, ರ, ಕೊಂಬು. ಒಟ್ಟು 6. ನಮ್ಮ ಕಣ್ಣಿಗೆ 3.

ಸರಿ, ರಿವರ್ಸನ್ನೇ ಬದಲಿಸೋಣ. ರೂಬಿಯಲ್ಲಿ ಕ್ಲಾಸ್‌ಗಳಿಗೆ (ಒಂದು ಬಗೆಯ ವಸ್ತುವಿನ ಮೆಥಡ್‌ಗಳೆಲ್ಲ ಇರುವ ಜಾಗ) ಬೀಗವಿಲ್ಲ, ಭಾಷೆಯ ಜೊತೆಗೇ ಬಂದ ಕ್ಲಾಸ್‌ಗಳಿಗೂ ಅಷ್ಟೇ. ‘ಕ್ಲಾಸ್ ಸ್ಟ್ರಿಂಗ್’ ಅಂತ ಮತ್ತೆ ಬರೆದರೆ ಹೊಸದು ಹುಟ್ಟುವುದಿಲ್ಲ, ಇರುವುದೇ ತೆರೆದುಕೊಳ್ಳುತ್ತದೆ. ಒಳಗೆ ‘ಡೆಫ್ ರಿವರ್ಸ್’, ಅದರೊಳಗೆ ಒಂದೇ ಸಾಲು: ಕಣ್ಣಿಗೆ ಕಾಣುವ ಅಕ್ಷರಗಳ ಪಟ್ಟಿ ಕೊಡುವ ಗ್ರಾಫೀಮ್ ಕ್ಲಸ್ಟರ್ಸ್ (ರೂಬಿ 2.5ರಿಂದ ಇದೆ), ಅದಕ್ಕೆ ರಿವರ್ಸ್, ಅದಕ್ಕೆ ಮತ್ತೆ ಜೋಡಿಸುವ ಜಾಯಿನ್. ನಡುವಿನ ರಿವರ್ಸ್ ಅರೇಯದು (ಪಟ್ಟಿಯದು), ಸ್ಟ್ರಿಂಗ್‌ದಲ್ಲ, ಹಾಗಾಗಿ ಸುತ್ತಿ ಸುತ್ತಿ ತನ್ನನ್ನೇ ಕರೆದುಕೊಳ್ಳುವುದಿಲ್ಲ. ‘ರುಸೂಮೈ’ ಬಂತು. (ಒತ್ತಕ್ಷರದ ಕಥೆ ಬೇರೆ, ಅದು ಇನ್ನೊಂದು ದಿನ.)

ಅಷ್ಟಕ್ಕೇ ಸುಮ್ನಿರಬೇಕಿತ್ತು. ಅದೇ ಹುರುಪಿನಲ್ಲಿ ಉದ್ದ ಹೇಳುವ ಲೆಂಗ್ತ್ ಕೂಡ 3 ಹೇಳುವಂತೆ ಬದಲಿಸಿದೆ. ಸೊನ್ನೆಯಿಂದ ಲೆಂಗ್ತ್‌ವರೆಗೆ ಕತ್ತರಿಸಿ ಕೊಡು ಅಂದರೆ ಪೂರ್ತಿ ಪದ ಬರಬೇಕು, ಬಂದದ್ದು ‘ಮೈಸ’. ಯಾಕೆ? ಕತ್ತರಿಸುವ ಮೆಥಡ್ ಇನ್ನೂ ಕೋಡ್‌ಪಾಯಿಂಟ್ ಲೆಕ್ಕದಲ್ಲೇ ಇದೆ. ಲೆಂಗ್ತ್‌ನ ಜೋಡಿ ಮೆಥಡ್ ಸೈಜ್ ಕೇಳಿದರೆ ಈಗಲೂ 6. ಎಲ್‌ಜಸ್ಟ್‌ನಂಥ (ಬಲಗಡೆ ಖಾಲಿ ಜಾಗ ತುಂಬುವ) ಮೆಥಡ್‌ಗಳು ಒಳಗಡೆ ಸಿ ಭಾಷೆಯಲ್ಲಿವೆ, ಅವು ನಮ್ಮ ಲೆಂಗ್ತನ್ನು ಕೇಳುವುದೇ ಇಲ್ಲ. ಒಂದು ಮೆಥಡ್ ಬದಲಿಸಿದರೆ ಅದರ ನೆಂಟರೆಲ್ಲ ತಾವಾಗಿ ಬದಲಾಗುವುದಿಲ್ಲ. ನನಗೆ ಜಾಸ್ತಿ ಹೊತ್ತು ತಿಂದದ್ದು ಇದೇ.

ಇನ್ನೊಂದು ಗೊಂದಲ ಸೂಪರ್‌ದು, ಅಂದರೆ ನಮ್ಮ ಮೆಥಡ್‌ನೊಳಗಿಂದ ಅದರ ಹಿಂದಿನ ಮೆಥಡನ್ನು ಕರೆಯುವ ಪದದ್ದು. ನಮ್ಮದೇ ಕ್ಲಾಸ್‌ನಲ್ಲಿ ಟು-ಎಸ್ (ವಸ್ತುವನ್ನು ಸ್ಟ್ರಿಂಗ್ ಆಗಿ ಕೊಡುವ ಮೆಥಡ್) ಬರೆದುಕೊಂಡರೆ ಅದು ನಿಜವಾದ ಓವರ್‌ರೈಡ್. ಮೇಲಿನಿಂದ ಬಂದ ಮೆಥಡ್ ಹಾಗೇ ಇರುತ್ತದೆ, ಸೂಪರ್ ಅಂದರೆ ಸಿಗುತ್ತದೆ. ಆದರೆ ಸ್ಟ್ರಿಂಗನ್ನೇ ತೆರೆದು ಬರೆದಾಗ ಹಳೆಯ ರಿವರ್ಸ್ ಅಳಿಸಿಯೇ ಹೋಯಿತು. ಅಲ್ಲಿ ಸೂಪರ್ ಕರೆದರೆ ನೋ-ಮೆಥಡ್-ಎರರ್. ಹಳೆಯದೂ ಬೇಕೆಂದರೆ ಮೆಥಡನ್ನು ಒಂದು ಮಾಡ್ಯೂಲ್‌ನಲ್ಲಿಟ್ಟು (ಮೆಥಡ್‌ಗಳ ಗಂಟು) ಸ್ಟ್ರಿಂಗ್‌ಗೆ ಪ್ರಿಪೆಂಡ್ ಮಾಡಿ. 2013ರ ರೂಬಿ 2.0ರಲ್ಲಿ ಬಂದದ್ದಿದು. ಮಾಡ್ಯೂಲ್ ಕ್ಲಾಸ್‌ಗಿಂತ ಮುಂದೆ ನಿಲ್ಲುತ್ತದೆ, ಸೂಪರ್ ಹಿಂದಿನ ಅಸಲಿಗೆ ಹೋಗುತ್ತದೆ. ಬರೀ ಇಂಗ್ಲಿಷ್ ಅಕ್ಷರಗಳಿದ್ದರೆ ಸೂಪರ್, ಇಲ್ಲದಿದ್ದರೆ ನಮ್ಮ ಸಾಲು ಅಂತ ಬರೆಯಬಹುದು.

ಆದರೂ ಪ್ರಿಪೆಂಡ್ ಇಡೀ ಪ್ರೋಗ್ರಾಮಿಗೆ ತಗಲುತ್ತದೆ, ನಾವು ಬಳಸುವ ಪ್ರತಿ ಜೆಮ್‌ಗೂ (ಬೇರೆಯವರು ಬರೆದ ಲೈಬ್ರರಿ). ನನ್ನ ಆಯ್ಕೆ ರಿಫೈನ್‌ಮೆಂಟ್. 2.0ರಲ್ಲಿ ಪ್ರಯೋಗವಾಗಿ ಬಂದು 2.1ರಲ್ಲಿ ನೆಲೆ ನಿಂತಿತು. ಮಾಡ್ಯೂಲ್‌ನೊಳಗೆ ‘ರಿಫೈನ್ ಸ್ಟ್ರಿಂಗ್ ಡು’ ಅಂತ ಬರೆಯಿರಿ, ಬೇಕಾದ ಫೈಲ್‌ನ ತಲೆಯಲ್ಲಿ ‘ಯೂಸಿಂಗ್’ ಹಾಕಿ. ಆ ಸಾಲಿನಿಂದ ಫೈಲ್ ಮುಗಿಯುವವರೆಗೆ ಮಾತ್ರ ‘ರುಸೂಮೈ’. ಪಕ್ಕದ ಫೈಲ್‌ನಲ್ಲಿ ಕೊಂಬು ಇನ್ನೂ ನೇತಾಡುತ್ತಲೇ ಇರುತ್ತದೆ.