ಕಂತು ಕಟ್ಟಿದ್ದು ನಿಜ, ಬದುಕು ಬದಲಾಯಿತೆ?

1990ರ ದಶಕದಲ್ಲಿ ಕಿರುಸಾಲದ (ಮೈಕ್ರೊ ಫೈನಾನ್ಸ್) ಬಗ್ಗೆ ಯಾರೇ ಮಾತಾಡಲಿ, ಒಂದು ಅಂಕಿ ಬಂದೇ ಬರುತ್ತಿತ್ತು: ಶೇ 98ರಷ್ಟು ಮರುಪಾವತಿ. ಅಡವಿಡಲು ಏನೂ ಇಲ್ಲದ ಹೆಂಗಸರಿಗೆ ಕೊಟ್ಟ ಹಣ ವಾರವಾರವೂ ತಪ್ಪದೆ ವಾಪಸು ಬರುತ್ತಿದೆ. ಹಾಗಾದರೆ ಅವರು ಅದರಿಂದ ದುಡಿದು ಮೇಲೆ ಬರುತ್ತಿದ್ದಾರೆ ಎಂದೇ ತಾನೆ? ದಾನಿಗಳು, ಸರ್ಕಾರಗಳು, ಪತ್ರಕರ್ತರು ಎಲ್ಲರೂ ಹೀಗೆಯೇ ಲೆಕ್ಕ ಹಾಕಿದರು.

ಈ ಲೆಕ್ಕ ಹೇಳುತ್ತಿದ್ದುದು ಸಾಲ ಕೊಟ್ಟ ಸಂಸ್ಥೆಯ ಆರೋಗ್ಯವನ್ನು. ಹೊಲಿಗೆಯಿಂದ ದುಡಿದು ಕಟ್ಟಿದ ಕಂತು, ಇನ್ನೊಂದು ಸಂಘದಲ್ಲಿ ಸಾಲ ಎತ್ತಿ ಕಟ್ಟಿದ ಕಂತು, ರಾತ್ರಿ ಅಡುಗೆ ಬಿಟ್ಟು ಕಟ್ಟಿದ ಕಂತು, ಈ ಮೂರೂ ವಸೂಲಾತಿ ಪುಸ್ತಕದಲ್ಲಿ ಒಂದೇ ಸಾಲಿನಲ್ಲಿ, ಒಂದೇ ಶಾಯಿಯಲ್ಲಿ ಕೂತಿರುತ್ತವೆ. ಅವನ್ನು ಬೇರೆ ಬೇರೆ ಮಾಡಿ ನೋಡಲು ಅರ್ಥಶಾಸ್ತ್ರಜ್ಞರಿಗೆ ಹತ್ತಿರ ಹತ್ತಿರ ನಾಲ್ಕು ದಶಕ ಹಿಡಿಯಿತು.

ಕಥೆಯ ಶುರು ಎಲ್ಲರಿಗೂ ಗೊತ್ತಿರುವುದೇ. 1976ರಲ್ಲಿ ಬಾಂಗ್ಲಾದೇಶದ ಜೋಬ್ರಾ ಹಳ್ಳಿಯಲ್ಲಿ ಮುಹಮ್ಮದ್ ಯೂನುಸ್ 42 ಮಂದಿಗೆ ಒಟ್ಟು 27 ಡಾಲರ್ ಬೆಲೆಯ ಸಾಲ ಕೊಟ್ಟರು. 1983ರಲ್ಲಿ ಅವರು ಕಟ್ಟಿದ ಗ್ರಾಮೀಣ ಬ್ಯಾಂಕ್ ಅಧಿಕೃತ ಬ್ಯಾಂಕಾಯಿತು. 1997ರ ವಾಷಿಂಗ್ಟನ್ ಸಮಾವೇಶ, 2005ರೊಳಗೆ 10 ಕೋಟಿ ಕಡುಬಡ ಕುಟುಂಬಗಳಿಗೆ ಸಾಲ ಮುಟ್ಟಿಸುವ ಗುರಿ ಹಾಕಿಕೊಂಡಿತು. ಎಷ್ಟು ಜನಕ್ಕೆ ತಲುಪಿತು ಎಂಬುದೇ ಗುರಿ. ತಲುಪಿದ ಮೇಲೆ ಏನಾಯಿತು ಎಂಬುದಕ್ಕೆ ಗುರಿಯೂ ಇರಲಿಲ್ಲ, ಗಡುವೂ ಇರಲಿಲ್ಲ.

ಪರಿಣಾಮವನ್ನು ಹಣದ ಲೆಕ್ಕದಲ್ಲೇ ಹೇಳಿ ಹೆಸರಾದ ಅಧ್ಯಯನ ಮಾರ್ಕ್ ಪಿಟ್ ಮತ್ತು ಶಾಹಿದುರ್ ಖಂಡ್ಕರ್ ಅವರದು. 1991–92ರಲ್ಲಿ ಬಾಂಗ್ಲಾದೇಶದಲ್ಲಿ ನಡೆದ ಮನೆಮನೆ ಸಮೀಕ್ಷೆಯನ್ನು ಆಧರಿಸಿ 1998ರಲ್ಲಿ ಅವರು ಹೇಳಿದ್ದು ಇಷ್ಟು: ಹೆಣ್ಣುಮಗಳಿಗೆ 100 ಟಾಕಾ ಸಾಲ ಸಿಕ್ಕರೆ ಮನೆಯ ವಾರ್ಷಿಕ ಖರ್ಚು 18 ಟಾಕಾ ಏರುತ್ತದೆ, ಗಂಡಸಿಗೆ ಸಿಕ್ಕರೆ 11. ಇಷ್ಟು ಚೊಕ್ಕ ಅಂಕಿ ಸಿಕ್ಕ ಮೇಲೆ ಕೇಳಬೇಕೆ? ಕಿರುಸಾಲದ ಪರ ಮಾಡಿದ ಪ್ರತಿ ಭಾಷಣಕ್ಕೂ ಅದು ಆಧಾರವಾಯಿತು.

ಜೊನಾಥನ್ ಮಾರ್ಡಕ್ ಅದೇ ದತ್ತಾಂಶವನ್ನು ತೆಗೆದುಕೊಂಡು ಕೂತರು. ಅರ್ಧ ಎಕರೆಗಿಂತ ಹೆಚ್ಚು ಜಮೀನಿದ್ದವರಿಗೆ ಸಾಲವಿಲ್ಲ ಎಂಬ ನಿಯಮದ ಮೇಲೆ ಪಿಟ್–ಖಂಡ್ಕರ್ ಲೆಕ್ಕ ನಿಂತಿತ್ತು. ಆದರೆ ನಿಯಮ ಕಾಗದದ ಮೇಲಷ್ಟೇ ಇತ್ತು. ಅದಕ್ಕಿಂತ ಹೆಚ್ಚು ಜಮೀನಿದ್ದವರೂ ಸಾಲ ಪಡೆದಿದ್ದರು. ಆಮೇಲೆ ಡೇವಿಡ್ ರೂಡ್‌ಮನ್ ಜೊತೆ ಸೇರಿ ಮಾರ್ಡಕ್ ಮತ್ತೆ ಲೆಕ್ಕ ಹಾಕಿದಾಗ, ತೀರಾ ಹೆಚ್ಚು ಖರ್ಚು ತೋರಿಸಿದ ಬೆರಳೆಣಿಕೆಯ ಮನೆಗಳನ್ನು ತೆಗೆದರೆ ಆ ಫಲಿತಾಂಶವೇ ನಿಲ್ಲುವುದಿಲ್ಲ ಎಂದು ಕಂಡಿತು. ವಾದ, ಪ್ರತಿವಾದ ವರ್ಷಗಟ್ಟಲೆ ನಡೆಯಿತು. ಓದುಗರಿಗೆ ಅದರ ಗಣಿತ ಬೇಕಿಲ್ಲ. ಜಗತ್ತೆಲ್ಲ ಉಲ್ಲೇಖಿಸಿದ ಅಂಕಿ ಎಷ್ಟು ಸಪೂರ ಕಾಲಿನ ಮೇಲೆ ನಿಂತಿತ್ತು ಎಂಬುದು ಗೊತ್ತಿದ್ದರೆ ಸಾಕು.

ತೊಡಕಿನ ಮೂಲ ಒಂದೇ. ಸಾಲ ಪಡೆದವಳನ್ನು ಪಡೆಯದ ನೆರೆಯವಳ ಜೊತೆ ಹೋಲಿಸುವಂತಿಲ್ಲ. ಸಂಘ ಸೇರಿದವಳು ಮೊದಲೇ ಚುರುಕಾಗಿದ್ದಿರಬಹುದು, ವ್ಯಾಪಾರದ ಗುಂಗು ಇದ್ದವಳಿರಬಹುದು. ಸಾಲವಿಲ್ಲದೆಯೂ ಅವಳು ಮುಂದೆ ಬರುತ್ತಿದ್ದಳೇನೋ. ಇದಕ್ಕೆ ಬ್ರೆಟ್ ಕೋಲ್ಮನ್ ಈಶಾನ್ಯ ಥಾಯ್ಲೆಂಡಿನಲ್ಲಿ ಒಳ್ಳೆಯ ಉಪಾಯ ಹೂಡಿದರು. ಇನ್ನೂ ಸಾಲ ಬಾರದ ಹಳ್ಳಿಗಳಲ್ಲಿ ಮುಂಚಿತವಾಗಿಯೇ ಹೆಸರು ಬರೆಸಿಕೊಂಡು, ಅವರನ್ನು ಆಗಲೇ ಸಾಲ ಪಡೆದವರ ಜೊತೆ ಹೋಲಿಸಿದರು. ಇಬ್ಬರೂ ಸೇರಲು ಮನಸ್ಸು ಮಾಡಿದವರೇ. 1999ರಲ್ಲಿ ಬಂದ ಅವರ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಇದಕ್ಕೂ ಮೊದಲು, 1996ರಲ್ಲಿ ಆನ್ ಮರೀ ಗೋಟ್ಜ್ ಮತ್ತು ರೀನಾ ಸೇನ್ ಗುಪ್ತಾ ಇನ್ನೊಂದು ಇರುಸುಮುರುಸಿನ ಪ್ರಶ್ನೆ ಎತ್ತಿದ್ದರು: ಹೆಂಡತಿಯ ಹೆಸರಲ್ಲಿ ಬಂದ ಸಾಲ ಯಾರ ಕೈಯಲ್ಲಿ ಖರ್ಚಾಗುತ್ತದೆ? ಬಾಂಗ್ಲಾದೇಶದಲ್ಲಿ ಅದರ ದೊಡ್ಡ ಪಾಲು ಗಂಡಸರ ಹಿಡಿತದಲ್ಲಿತ್ತು. ಸಹಿ ಅವಳದು, ಕಂತಿನ ಹೊಣೆ ಅವಳದು, ಹಣ ಮಾತ್ರ ಅವನದು.

ಚರ್ಚೆಯ ದಿಕ್ಕು ತಿರುಗಿದ್ದು ಹೈದರಾಬಾದಿನಲ್ಲಿ. ಸ್ಪಂದನಾ ಎಂಬ ಸಂಸ್ಥೆ ಅಲ್ಲಿನ ಬಡ ಬಡಾವಣೆಗಳಲ್ಲಿ ಶಾಖೆ ತೆರೆಯಲು ಹೊರಟಿತ್ತು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೋ, ರಾಚೆಲ್ ಗ್ಲೆನರ್‌ಸ್ಟರ್, ಸಿಂಥಿಯಾ ಕಿನ್ನನ್ ಅವರ ತಂಡ 104 ಬಡಾವಣೆಗಳನ್ನು ಪಟ್ಟಿ ಮಾಡಿ, ಅದರಲ್ಲಿ 52ನ್ನು ಚೀಟಿ ಎತ್ತಿದ ಹಾಗೆ ಆರಿಸಿತು. ಆ 52ರಲ್ಲಿ ಶಾಖೆ ತೆರೆಯಿತು, ಉಳಿದವು ಕಾದವು. ಯಾರು ಚುರುಕು, ಯಾರು ಸೋಮಾರಿ ಎಂಬ ಗೊಂದಲವೇ ಇಲ್ಲಿಲ್ಲ, ಏಕೆಂದರೆ ಹೋಲಿಕೆ ಇರುವುದು ಬಡಾವಣೆ ಬಡಾವಣೆಗಳ ನಡುವೆ.

ಹದಿನೈದರಿಂದ ಹದಿನೆಂಟು ತಿಂಗಳ ಬಳಿಕ ಮನೆಮನೆಗೆ ಹೋಗಿ ಕೇಳಿದಾಗ ಬಂದ ಚಿತ್ರ ಎರಡೂ ಪಾಳಯಕ್ಕೆ ನಿರಾಸೆ ತಂದಿತು. ಆಗಲೇ ವ್ಯಾಪಾರವಿದ್ದವರು ಅದಕ್ಕೆ ಇನ್ನಷ್ಟು ಹಣ ಹಾಕಿದ್ದರು. ಬಾಳಿಕೆಯ ಸಾಮಾನಿನ ಖರೀದಿ ಹೆಚ್ಚಿತ್ತು. ತಂಬಾಕು, ಹೊರಗಿನ ತಿಂಡಿ, ಹಬ್ಬದ ಆಡಂಬರದಂಥ ಖರ್ಚು ಕಡಿಮೆಯಾಗಿತ್ತು. ಆದರೆ ತಲಾ ಒಟ್ಟು ಖರ್ಚು ಏರಿರಲಿಲ್ಲ. ಮಕ್ಕಳ ಓದು, ಆರೋಗ್ಯ, ಮನೆಯ ತೀರ್ಮಾನದಲ್ಲಿ ಹೆಣ್ಣಿನ ಮಾತಿಗೆ ಸಿಗುವ ಬೆಲೆ, ಇವೆಲ್ಲ ಇದ್ದ ಹಾಗೇ ಇದ್ದವು. ಮೀಟರ್ ಬಡ್ಡಿಯ ರಾಕ್ಷಸ ಎಂದವರಿಗೂ ಪುರಾವೆ ಸಿಗಲಿಲ್ಲ, ಬಡತನದ ಮದ್ದು ಎಂದವರಿಗೂ ಸಿಗಲಿಲ್ಲ. ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಇನ್ನೊಂದು ಅಂಕಿ: ಶಾಖೆ ತೆರೆದ ಬಡಾವಣೆಗಳಲ್ಲೂ ಕಿರುಸಾಲ ಪಡೆದಿದ್ದ ಮನೆಗಳು ಸುಮಾರು ಕಾಲು ಭಾಗ ಮಾತ್ರ. ಬಡವರೆಲ್ಲ ಸಾಲಕ್ಕೆ ಬಾಯಿಬಿಟ್ಟು ಕೂತಿದ್ದಾರೆ ಎಂಬ ನಂಬಿಕೆಯೇ ಅಲ್ಲಿ ಅಲುಗಾಡಿತು.

ಮೊರಾಕ್ಕೊ, ಮೆಕ್ಸಿಕೊ, ಮಂಗೋಲಿಯಾ, ಇಥಿಯೋಪಿಯಾ, ಬೋಸ್ನಿಯಾಗಳಲ್ಲೂ ಇಂಥ ಪ್ರಯೋಗ ನಡೆದವು. 2015ರಲ್ಲಿ ಹೈದರಾಬಾದಿನದೂ ಸೇರಿ ಆರೂ ಒಟ್ಟಿಗೆ ಪ್ರಕಟವಾದವು, ಫಲಿತಾಂಶವೂ ಹೆಚ್ಚುಕಡಿಮೆ ಒಂದೇ: ಅಲ್ಪಸ್ವಲ್ಪ ಒಳಿತು, ಬದುಕನ್ನೇ ಬದಲಿಸುವಂಥದ್ದೇನಿಲ್ಲ. ಸರಾಸರಿಯ ಅಡಿಯಲ್ಲಿ ಏನಿದೆ ಎಂದು ರೇಚಲ್ ಮೀಗರ್ ಕೆದಕಿದಾಗ, ಮೊದಲೇ ವ್ಯಾಪಾರವಿದ್ದ ಕೆಲವು ಮನೆಗಳಿಗೆ ಮಾತ್ರ ದೊಡ್ಡ ಲಾಭದ ಸುಳಿವು ಸಿಕ್ಕಿತು. ಉಳಿದ ಬಹುಪಾಲು ಜನರ ಲೆಕ್ಕ ಸೊನ್ನೆಯ ಆಸುಪಾಸಿನಲ್ಲೇ.

ಇತ್ತ ಸಂಸ್ಥೆಗಳಿಗೆ ವರ್ಷಗಟ್ಟಲೆ ಕಾಯುವ ಪ್ರಯೋಗ ಬೇಕಿರಲಿಲ್ಲ, ಹೂಡಿಕೆದಾರರಿಗೆ ತೋರಿಸಲು ವರದಿ ಬೇಕಿತ್ತು. ಮಾರ್ಕ್ ಶ್ರೈನರ್ ರೂಪಿಸಿದ ಹತ್ತು ಪ್ರಶ್ನೆಗಳ ಹಾಳೆ ಹೀಗೆ ಚಾಲ್ತಿಗೆ ಬಂತು. ಚಾವಣಿ ಯಾವುದರದು, ಮನೆಯಲ್ಲಿ ಎಷ್ಟು ಮಂದಿ, ಮಕ್ಕಳು ಶಾಲೆಗೆ ಹೋಗುತ್ತಾರೆಯೇ ಎಂಬಂಥ, ಕಣ್ಣಾರೆ ಕಂಡು ತುಂಬಬಹುದಾದ ಪ್ರಶ್ನೆಗಳು. ಅಂಕ ಕೂಡಿಸಿದರೆ ಆ ಮನೆ ಬಡತನ ರೇಖೆಯ ಕೆಳಗಿರುವ ಸಂಭವ ಎಷ್ಟು ಎಂದು ಗೊತ್ತಾಗುತ್ತದೆ. ಸಾಲ ಬಡವರಿಗೇ ಹೋಗುತ್ತಿದೆಯೇ ಎಂದು ತಿಳಿಯಲು ಇದು ಒಳ್ಳೆಯ ಸಾಧನ. ಅವರ ಚಾವಣಿ ಬದಲಾದದ್ದು ಸಾಲದಿಂದಲೋ, ಊರು ಬಿಟ್ಟು ದುಡಿಯಲು ಹೋದ ಮಗನಿಂದಲೋ ಎಂದು ಅದು ಹೇಳಲಾರದು. ಆದರೂ ಎಷ್ಟೋ ವಾರ್ಷಿಕ ವರದಿಗಳಲ್ಲಿ ಈ ಅಂಕವೇ ‘ಪರಿಣಾಮ’ದ ಪುಟದಲ್ಲಿ ರಾರಾಜಿಸಿತು.

2010ರ ಅಕ್ಟೋಬರಿನಲ್ಲಿ ಆಂಧ್ರಪ್ರದೇಶ ಕಿರುಸಾಲ ಸಂಸ್ಥೆಗಳಿಗೆ ಕಡಿವಾಣ ಹಾಕುವ ಸುಗ್ರೀವಾಜ್ಞೆ ತಂದಿತು. ವಸೂಲಿ ಕಿರುಕುಳ ಮತ್ತು ಆತ್ಮಹತ್ಯೆಗಳ ಸುದ್ದಿಯ ಬೆನ್ನಲ್ಲಿ ಬಂದ ಈ ಕ್ರಮದಿಂದ ಮರುಪಾವತಿ ಕುಸಿದುಬಿತ್ತು. ಅಲ್ಲಿ ಹಣ ಸಿಕ್ಕಿಕೊಂಡ ಸಂಸ್ಥೆಗಳು ಬೇರೆ ರಾಜ್ಯಗಳಲ್ಲೂ ಸಾಲ ಕಡಿತ ಮಾಡಬೇಕಾಯಿತು. ಎಮಿಲಿ ಬ್ರೆಝಾ ಮತ್ತು ಕಿನ್ನನ್ ಇದನ್ನೇ ಅಳತೆಗೆ ಬಳಸಿಕೊಂಡರು. ಕಿರುಸಾಲ ಥಟ್ಟನೆ ನಿಂತ ಆ ಹೊರರಾಜ್ಯದ ಜಿಲ್ಲೆಗಳಲ್ಲಿ ಕೂಲಿಯ ದರ ಇಳಿದಿತ್ತು, ಮನೆಗಳ ಖರ್ಚೂ ಇಳಿದಿತ್ತು. ಸಾಲವನ್ನೇ ಪಡೆಯದ ಕೂಲಿಯವನಿಗೂ ಪೆಟ್ಟು ಬಿದ್ದಿತ್ತು. ಒಂದೊಂದೇ ಬಡಾವಣೆ ನೋಡುವ ಪ್ರಯೋಗಕ್ಕೆ ಇಂಥ ಪರಿಣಾಮ ಸುಲಭವಾಗಿ ಸಿಗುವುದಿಲ್ಲ. ಕಿರುಸಾಲದಿಂದ ಏನೂ ಆಗುವುದಿಲ್ಲ ಎನ್ನುವವರು ಈ ಅಧ್ಯಯನಕ್ಕೆ ಉತ್ತರ ಕೊಡಬೇಕು.

ಹಾನಿಯ ಅಳತೆ ಶುರುವಾದದ್ದು ತಡವಾಗಿ. ಜೆಸಿಕಾ ಶಿಕ್ಸ್ ಘಾನಾದಲ್ಲಿ ಸಾಲಗಾರರನ್ನು ಕೇಳಿದ್ದು ಕಂತು ಕಟ್ಟಲು ಏನೇನು ಬಿಟ್ಟಿರಿ ಎಂದು. ಎಷ್ಟು ಬಾಕಿ ಇದೆ ಎಂಬುದಕ್ಕಿಂತ, ಊಟ ಕಡಿಮೆ ಮಾಡಿದಿರಾ, ಮನೆಯ ಸಾಮಾನು ಮಾರಿದಿರಾ ಎಂಬುದು ಅವರಿಗೆ ಮುಖ್ಯವಾಗಿತ್ತು. ಕಾಂಬೋಡಿಯಾದಲ್ಲಿ ಜಮೀನಿನ ಪಟ್ಟಾ ಅಡವಿಟ್ಟು ಸಾಲ ಕೊಡುವುದು ರೂಢಿ. ಅಲ್ಲಿ ವಸೂಲಾತಿ ಬಹುಕಾಲ ಅಚ್ಚುಕಟ್ಟಾಗಿಯೇ ಇತ್ತು. ಕೆಲವು ಕುಟುಂಬಗಳು ಜಮೀನು ಮಾರಿ ಸಾಲ ತೀರಿಸುತ್ತಿವೆ ಎಂದು ಮಾನವ ಹಕ್ಕು ಸಂಘಟನೆಗಳು 2019ರಲ್ಲಿ ವರದಿ ಮಾಡಿದವು. ಸಂಸ್ಥೆಯ ಲೆಕ್ಕದಲ್ಲಿ ಅವರೂ ಒಳ್ಳೆಯ ಗ್ರಾಹಕರೇ.

ಈಗ ಫೋನ್ ಸಮೀಕ್ಷೆಯ ಕಾಲ. 60 ಡೆಸಿಬಲ್ಸ್ ಎಂಬ ಸಂಸ್ಥೆ 2022ರಲ್ಲಿ 72 ಕಿರುಸಾಲ ಸಂಸ್ಥೆಗಳ ಸುಮಾರು 18 ಸಾವಿರ ಗ್ರಾಹಕರಿಗೆ ಕರೆ ಮಾಡಿ, ಬದುಕು ಸುಧಾರಿಸಿತೆ, ಕಂತು ಹೊರೆಯಾಗಿದೆಯೇ ಎಂದು ನೇರವಾಗಿ ಅವರನ್ನೇ ಕೇಳಿತು. ಹೋಲಿಕೆಯ ಗುಂಪಿಲ್ಲ, ನಿಜ. ಆದರೆ ಅಗ್ಗ, ಬೇಗ ಮುಗಿಯುತ್ತದೆ, ಒಂದು ಸಂಸ್ಥೆಯನ್ನು ಇನ್ನೊಂದರ ಪಕ್ಕ ಇಟ್ಟು ನೋಡಬಹುದು. ಇಂಥ ಸಮೀಕ್ಷೆಗಳಲ್ಲಿ ಕರೆ ಮಾಡುವ ಪಟ್ಟಿ ಬರುವುದು ಮಾತ್ರ ಸಾಲ ಕೊಟ್ಟವರಿಂದಲೇ. ಹಾಲಿ ಗ್ರಾಹಕರನ್ನಷ್ಟೇ ಕೇಳಿದರೆ, ಕಂತು ಕಟ್ಟಲಾಗದೆ ಸಂಘದಿಂದ ಹೊರಬಿದ್ದವಳು ಲೆಕ್ಕದಿಂದಲೂ ಹೊರಬೀಳುತ್ತಾಳೆ. ಬಿಟ್ಟುಹೋದವರ ಸಂಖ್ಯೆ ಸಂಸ್ಥೆಗಳ ಕಂಪ್ಯೂಟರಿನಲ್ಲಿ ಆಗಲೇ ಇದೆ. ಅವರು ಯಾಕೆ ಬಿಟ್ಟರು ಎಂದು ಕೇಳಲು ಹೊಸ ವಿಧಾನವೇನೂ ಬೇಕಿಲ್ಲ, ಆ ಪಟ್ಟಿಯನ್ನೂ ಕೊಡಿ ಎಂದು ಹೂಡಿಕೆದಾರರು ಪಟ್ಟು ಹಿಡಿದರೆ ಆಯಿತು.